ನಮ್ಮನೆಯವರು ನಿಮ್ಮಾಫೀಸಿಗೆ ಬಂದಿದ್ರಾ?

ಕಮ್ಮರಡಿಯ ನನ್ನ ಚಿಕ್ಕಮ್ಮನ ಎದುರು ದೇವರೇ ಪ್ರತ್ಯಕ್ಷನಾದರೂ, ವರ ಕೇಳುವ ಮೊದಲು ಅವಳು ಗುರುತಿನ ಚೀಟಿ ಕೇಳುತ್ತಾಳೆ!

ಅನುಮಾನ ಅವಳ ಹುಟ್ಟುಗುಣವೇನಲ್ಲ. ಚಿಕ್ಕಪ್ಪ ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ, ಅವರು ಬ್ಯಾಂಕಿನಲ್ಲಿ ಇಟ್ಟುಹೋದ ಠೇವಣಿಯೊಂದೇ ಅವಳಿಗೆ ಆಧಾರ. ಒಂಟಿ ಹೆಂಗಸೆಂದು ಗೊತ್ತಾದರೆ ಅದಕ್ಕೆ ಯಾರು ಕೈ ಹಾಕುತ್ತಾರೋ ಎಂಬ ಹೆದರಿಕೆ. ಹಾಗಾಗಿ ಕಂಪನಿಯ ಹೆಸರು ಹೇಳಿಕೊಂಡು ಯಾರೇ ಬರಲಿ, ಅವಳದು ಒಂದೇ ಪ್ರಶ್ನೆ: "ನಮ್ಮನೆಯವರು ನಿಮ್ಮಾಫೀಸಿಗೆ ಬಂದಿದ್ರಲ್ಲ, ಸಿಕ್ಕಿದ್ರಾ?"

ಒಮ್ಮೆ ಟೈ ಕಟ್ಟಿದವನೊಬ್ಬ ಬಂದ. "ಗ್ಯಾಸ್ ಕಂಪನಿಯಿಂದಮ್ಮ. ಪೈಪು ಬದಲಾಯಿಸ್ಬೇಕು, ಇಲ್ಲಾಂದ್ರೆ ಕನೆಕ್ಷನ್ ಕಟ್!"

ಚಿಕ್ಕಮ್ಮ ಪ್ರಶ್ನೆ ಎಸೆದಳು.

"ಸಿಕ್ಕಿದ್ರಮ್ಮ! ಅವರೇ ಕಳಿಸಿದ್ದು!"

ಎಲ್ಲಿ ನಿಂತು ಹೀಗಂದ ಅಂತೀರಿ? ಹಾರ ಹಾಕಿದ ಚಿಕ್ಕಪ್ಪನ ಫೋಟೋದ ಕೆಳಗೆ! "ತಲೆ ಎತ್ತಿ ನೋಡು, ಇವರೇ ಹೌದಾ?" ಎಂದಳು. ಓಡಿದವನು ಕೊಪ್ಪದ ಬಸ್ಸು ಹತ್ತಿದ ಮೇಲೇ ಉಸಿರು ಬಿಟ್ಟಿರಬೇಕು. "ನಿಜವಾದ ಕಂಪನಿಯವ್ರು ಗೊತ್ತಿಲ್ಲ ಅಂತಾರೆ. ಕಳ್ಳನಿಗೆ ಮಾತ್ರ ಎಲ್ಲಾ ಗೊತ್ತಿರತ್ತೆ" ಎನ್ನುವುದು ಅವಳ ಸಿದ್ಧಾಂತ.

ಟೆಲಿಫೋನ್ ರಿಪೇರಿಯವನಿಗೂ ಇದೇ ಪರೀಕ್ಷೆ! ಪಾಪ, ಅವನು ಕಂಗಾಲಾದ. "ಎಂತ ಅಮ್ಮ ಹೀಗ್ ಕೇಳ್ತೀರಿ? ಅವ್ರ ವೈಕುಂಠ ಸಮಾರಾಧನೆಗೆ ನಾನೇ ಉಂಡು ಹೋಗಿದ್ನಲ್ಲ!" ಪಾಸಾದ. ಆದರೂ ಅವನ ಗುರುತಿನ ಚೀಟಿ ಇಸಿದುಕೊಂಡು, "ಇದ್ರಲ್ಲಿ ಮೀಸೆ ಇದೆ, ನಿಂಗೆಲ್ಲಿ ಮಾರಾಯ?" ಎಂದಳು.

ಮೊಬೈಲು ಊರಿಗೆ ಹೊಸದಾಗಿ ಬಂದಿದ್ದ ದಿನಗಳು. ನಾನು ಅಲ್ಲಿದ್ದಾಗಲೇ ಒಂದು ಫೋನು ಬಂತು. ಚಿಕ್ಕಮ್ಮ ಸ್ಪೀಕರ್ ಒತ್ತಿದಳು.

"ಮೊಬೈಲ್ ಕಂಪನಿಯಿಂದ ಮೇಡಂ! ನಿಮ್ಮ ನಂಬರಿಗೆ ಕಾರು ಬಹುಮಾನ ಬಂದಿದೆ! ಮೊದಲು ಟ್ಯಾಕ್ಸ್ ಕಟ್ಬೇಕು, ಬ್ಯಾಂಕ್ ಅಕೌಂಟ್ ನಂಬರ್ ಹೇಳಿ."

ಚಿಕ್ಕಮ್ಮ ನನಗೆ ಕಣ್ಣು ಹೊಡೆದಳು. "ನಮ್ಮನೆಯವರು ನಿಮ್ಮಾಫೀಸಿಗೆ ಬಂದಿದ್ರಲ್ಲ, ಸಿಕ್ಕಿದ್ರಾ?"

"ಇಲ್ಲೇ ಕೂತಿದ್ದಾರೆ ಮೇಡಂ, ಟೀ ಕುಡೀತಿದ್ದಾರೆ!"

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ. ಇನ್ನೇನು ಬೈಗುಳದ ಸುರಿಮಳೆ ಎಂದು ಕಾದೆ. ಬರಲಿಲ್ಲ.

"ಕೆಮ್ತಿದ್ದಾರಾ?" ಎಂದು ಕೇಳಿದಳು ಚಿಕ್ಕಮ್ಮ, ಮೆಲ್ಲಗೆ.

"ಕೆಮ್ಮು ಗಿಮ್ಮು ಏನಿಲ್ಲ ಮೇಡಂ, ಆರಾಮಾಗಿ ನಗ್ತಾ ಇದ್ದಾರೆ. ನಂಬರ್ ಹೇಳಿ!"

ಫೋನು ಕಟ್ ಮಾಡಿದಳು. "ಕಳ್ಳ ಮುಂಡೇದು! ಬಾಯಿ ಬಿಟ್ರೆ ಸುಳ್ಳು" ಎಂದು ಬೈದಳು. ಜೋರಾಗಿ ನಗಲು ಹೊರಟವಳು ಅವಳ ಮುಖ ನೋಡಿದೆ. ಅವಳು ಗೋಡೆಯ ಫೋಟೋ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಕೆಮ್ಮು ಇಲ್ವಂತೆ ಮಾರಾಯ್ತಿ" ಎಂದಳು.