ಕಾಂಪೌಂಡರು ಸಾಕಿದ ಬರ್ಗಂಡಿ

ಒಲೆಯ ಪಕ್ಕ ಕೂತು ಎಂಟು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವ ಹೆಂಗಸು ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಂಪೌಂಡರ ಹೆಂಡತಿ. ಹೊಲಿಗೆ ಮಿಷನ್ನಿಗೆ ಮಲಗುವ ಕೋಣೆಯಿಂದ ಗಡೀಪಾರು ಶಿಕ್ಷೆಯಾಗಿತ್ತು. ಅದು ಕಟಕಟ ಎಂದರೆ ಕಪಾಟು ಅದುರುತ್ತದೆ, ಕಪಾಟಿನೊಳಗೆ ಒಂದು ಸೀಸೆ ಮಲಗಿದೆ.

ಅಂತಿಂಥ ಸೀಸೆಯಲ್ಲ. ಬರ್ಗಂಡಿ ಎಂಬ ದ್ರಾಕ್ಷಿಸೀಮೆಯ ಕೆಂಪು ವೈನು. ಕಾಂಪೌಂಡರು ದವಾಖಾನೆಯಲ್ಲಿ ಔಷಧಿ ಬೆರೆಸಿಕೊಡುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ತುಂಬಿದಾಗ ಡಾಕ್ಟರು ಕೊಟ್ಟದ್ದು. "ಇದನ್ನ ತಂಪಾಗಿರೋ ಕತ್ತಲಲ್ಲಿ ಅಡ್ಡ ಮಲಗಿಸಬೇಕು ಕಣ್ರೀ, ಕಾರ್ಕು ಒಣಗಬಾರದು. ಅಲುಗಾಡಬಾರದು. ಎಂಟು ವರ್ಷ ಬಿಟ್ರೆ ಅಮೃತ! ಆದ್ರೆ ನಿಮ್ಮ ಕೈಲೆಲ್ಲಿ ಆಗುತ್ತೆ, ಭಾನುವಾರದೊಳಗೆ ಖಾಲಿ ಮಾಡ್ತೀರ" ಎಂದು ನಕ್ಕಿದ್ದರು. ಆ ನಗು ಕಾಂಪೌಂಡರ ಎದೆಗೆ ನಾಟಿತು. ಇಪ್ಪತ್ತು ವರ್ಷದಲ್ಲಿ ಡಾಕ್ಟರ ಬಾಯಿಂದ 'ಮುಂದಿನವರನ್ನ ಕಳಿಸಿ' ಬಿಟ್ಟರೆ ಬೇರೆ ಮಾತು ಅವರಿಗೆ ದಕ್ಕಿರಲಿಲ್ಲ. ಈ ಸೀಸೆಯ ನೆಪದಲ್ಲಾದರೂ ಒಂದು 'ಶಭಾಷ್' ಗಿಟ್ಟಿಸಿಯೇ ಸಿದ್ಧ ಎಂದು ಅಂದೇ ಶಪಥ ಮಾಡಿದರು.

ಆಮೇಲೆ ಮನೆಯಲ್ಲಿ ಸೀಸೆಯದೇ ದರ್ಬಾರು. ಕಿಟಕಿಗೆ ಕಪ್ಪು ಪರದೆ. ಕಪಾಟಿನಲ್ಲಿ ಥರ್ಮಾಮೀಟರು. (ಮನೆಯವರಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಬೇಕು, ಥರ್ಮಾಮೀಟರಿಗೆ ಪುರಸೊತ್ತಿಲ್ಲ.) ಸೀನು ಬಂದರೆ ಹಜಾರಕ್ಕೆ ಓಡಬೇಕು.

"ನಾನು ಹೆತ್ತು ಮಲಗಿದ್ದಾಗ್ಲೂ ಹೀಗೆ ನೋಡ್ಕೊಳ್ಳಲಿಲ್ಲವಲ್ರೀ ನೀವು!" ಎಂದು ಹೆಂಡತಿ ರೇಗಿದರೆ, "ವಯಸ್ಸಾದಷ್ಟೂ ಬೆಲೆ ಏರೋದು ಇದೊಂದಕ್ಕೇ ಕಣೇ" ಎಂದುಬಿಟ್ಟರು ಪುಣ್ಯಾತ್ಮರು. (ಅಂದು ಊಟ ಅವರೇ ಬಡಿಸಿಕೊಂಡರು.)

ಅಂತೂ ಇಂತೂ ಎಂಟು ವರ್ಷ ತುಂಬಿತು. ಭಾನುವಾರ ಮಧ್ಯಾಹ್ನ ಊಟಕ್ಕೆ ಬರಲು ಡಾಕ್ಟರು ಒಪ್ಪಿದರು. ಹಳೆಯ ವೈನಿನಲ್ಲಿ ಚರಟ ಇರುತ್ತದೆ, ಅದು ತಳ ಸೇರಲೆಂದು ಕಾಂಪೌಂಡರು ಎರಡು ದಿನ ಮೊದಲೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ತಾವೂ ಹೆಚ್ಚುಕಡಿಮೆ ನಿಂತೇ ಇದ್ದರು.

ಡಾಕ್ಟರು ಬಂದರು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮೇಲೆಲ್ಲ ಮಾಣಿಕ್ಯದಂತೆ ತಿಳಿ, ಚರಟವೆಲ್ಲ ತಳದಲ್ಲಿ. ತಾವೇ ಹುಷಾರಾಗಿ ಕಾರ್ಕು ಕಿತ್ತು ಮೂಸಿದರು. ಹುಬ್ಬು ಹಣೆ ಸೇರಿತು. "ಅಬ್ಬಬ್ಬಾ! ಇಷ್ಟು ಚೆನ್ನಾಗಿ ಕಾಪಾಡ್ತೀರ ಅಂತ ಅಂದ್ಕೊಂಡೇ ಇರ್ಲಿಲ್ಲ. ತಗೊಳ್ಳಿ, ನೀವೇ ಬಗ್ಗಿಸಿ. ಒಂದು ಗುಟುಕು ರುಚಿ ನೋಡಿ ಆಮೇಲೆ ಹೇಳ್ತೀನಿ."

ಹೇಳುವ ಮಾತು ಯಾವುದೆಂದು ಕಾಂಪೌಂಡರಿಗೆ ಗೊತ್ತಿತ್ತು. ಎದುರಿಗೆ ಡಾಕ್ಟರು, ಕೈಯಲ್ಲಿ ಸೀಸೆ, ಸೀಸೆಯ ತಳದಲ್ಲಿ ಚರಟ. ಇಂಥ ಹೊತ್ತಿನಲ್ಲಿ ಅವರ ಕೈ ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತ ಬಂದದ್ದು ಒಂದೇ ಕೆಲಸ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಗುಣ ಹೋದೀತೇ? ಹೆಬ್ಬೆರಳು ಸೀಸೆಯ ಬಾಯಿ ಮುಚ್ಚಿತು. ಗಡಗಡ ಗಡಗಡ ಎಂದು ನಾಲ್ಕು ಸಲ ಚೆನ್ನಾಗಿ ಕುಲುಕಿದರು. ಬಾಯಿ ತಾನಾಗಿಯೇ ನುಡಿಯಿತು:

"ಊಟ ಆದ್ಮೇಲೆ ಎರಡೆರಡು ಚಮಚ."

"ಅಯ್ಯೋ ನನ್ನ ಕರ್ಮವೇ!" ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

ಕಾಂಪೌಂಡರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಮಾತ್ರ ಧೈರ್ಯ ಮಾಡಿ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಹೇಳಿದರು: "ಒಳ್ಳೇ ಬರ್ಗಂಡಿಯಲ್ಲಿ ಮಣ್ಣಿನ ವಾಸನೆ ಇರುತ್ತೆ ಅಂತಾರೆ. ಇದರಲ್ಲಿ ಮಣ್ಣೇ ಇದೆ!" ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೋಗುವ ಮುಂಚೆ ಕಾರಿನಿಂದ ಇನ್ನೊಂದು ಬರ್ಗಂಡಿ ತಂದರು. ಕಾಂಪೌಂಡರು ಎರಡೂ ಕೈ ಚಾಚಿದರು. ಡಾಕ್ಟರು ಅವರನ್ನು ದಾಟಿ ಹೋಗಿ ಹೆಂಡತಿಯ ಕೈಗೆ ಕೊಟ್ಟರು. "ಇದು ನಿಮ್ಮ ಸುಪರ್ದಿಗೆ ತಾಯೀ. ಹತ್ತು ವರ್ಷ. ಎಂಟು ವರ್ಷ ಇವರ ಕಾಟ ತಡ್ಕೊಂಡಿರಲ್ಲ, ಶಭಾಷ್!"

ಡಾಕ್ಟರ ಕಾರು ತಿರುವು ದಾಟುವಷ್ಟರಲ್ಲಿ ಕಾಂಪೌಂಡರ ದಿಂಬು, ಹೊದಿಕೆ ಹಜಾರದ ಬೆಂಚಿಗೆ ಬಂದು ಬಿದ್ದವು.

"ಇದೇನೇ ಇದು?"

"ನಿಮ್ಮ ಗೊರಕೆಗೆ ಬಾಟ್ಲಿ ಅಲುಗಾಡುತ್ತೆ ಕಣ್ರೀ," ಎಂದರು ಹೆಂಡತಿ ಬಲು ಅಕ್ಕರೆಯಿಂದ. "ಹತ್ತು ವರ್ಷ ತಾನೇ? ಕಣ್ಮುಚ್ಚಿ ಕಣ್ಬಿಡೋದ್ರೊಳಗೆ ಕಳೆದುಹೋಗುತ್ತೆ."