ಯಜಮಾನರ ಬಣ್ಣ ಬಯಲಾದದ್ದು

ಊರಿನ ಕ್ಯಾಮೆರಾಗಳೆಲ್ಲ ಸುಳ್ಳು ಹೇಳಿದರೂ ತಮ್ಮದು ಹೇಳುವುದಿಲ್ಲ ಎಂಬುದು ಸ್ಟುಡಿಯೋ ಯಜಮಾನರ ಹದಿನೆಂಟು ವರ್ಷದ ಜಂಬ. ಇದ್ದ ಬಣ್ಣ ಇದ್ದ ಹಾಗೆ ಬಾರದಿದ್ದರೆ ಅದು ಫೋಟೋ ಅಲ್ಲ, ಚಾಡಿ ಎಂದು ಗಿರಾಕಿಗಳಿಗೆ ಪ್ರವಚನ ಕೊಡುತ್ತಿದ್ದರು. (ತಪ್ಪಿಸಿಕೊಳ್ಳುವಂತಿರಲಿಲ್ಲ, ಪ್ರವಚನ ಮುಗಿದ ಮೇಲೇ ಫೋಟೋ ಕೈಗೆ.)

ಅವರ ಹೆಂಡತಿ, ತಂಗಿಯ ಹೊಸ ಮನೆ ಜೋಡಿಸಿಕೊಡಲು ಹತ್ತು ದಿನ ಹೋದರು. ಮೂರನೆಯ ದಿನಕ್ಕೇ ಗ್ರಹಚಾರ ವಕ್ಕರಿಸಿತು. ಮದುಮಗಳ ತಾಯಿಯೊಬ್ಬರು, ಹಿಂದಿನ ದಿನ ಯಜಮಾನರೇ ಕಂಪ್ಯೂಟರಿನಲ್ಲಿ ಬಣ್ಣ ಹದಮಾಡಿ ಮುದ್ರಿಸಿಕೊಟ್ಟಿದ್ದ ಆಲ್ಬಮ್ ತಂದು ಮೇಜಿನ ಮೇಲಿಟ್ಟು, ತಮ್ಮ ಹುಡುಗಿಯ ಮುಖಕ್ಕೆ ಪಾಚಿ ಕಟ್ಟಿದ್ದು ಯಾವಾಗ ಎಂದು ವಿಚಾರಿಸಿದರು. ಯಜಮಾನರಿಗೆ ಮುಖ ಲಕ್ಷಣವಾಗಿಯೇ ಕಂಡಿತು. ಆದರೂ ಶಾಯಿಯನ್ನು ಬೈದರು, ಕಾಗದ ಬದಲಿಸಿದರು, ಯಂತ್ರದ ವಂಶವನ್ನೆಲ್ಲ ಜಾಲಾಡಿದರು. ಪಾಚಿ ಹೋಗಲಿಲ್ಲ.

ಕಾಲೇಜಿನಿಂದ ಬಂದ ಮಗಳು ಫೋಟೋ ನೋಡಿ, ಅಪ್ಪನನ್ನೂ ನೋಡಿ, ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗೆ ಯಾವ ಅಂಕಿ ಇದೆ ಎಂದರು. ಮಗಳು ಪಟಪಟನೆ ಓದಿದಳು. ಯಜಮಾನರಿಗೆ ಪುಸ್ತಕಕ್ಕೆ ದಡಾರ ಎದ್ದಂತೆ ಕಂಡಿತೇ ಹೊರತು ಅಂಕಿ ಕಾಣಲಿಲ್ಲ. ಕೆಂಪು, ಹಸಿರು, ಕಂದುಗಳ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ತಿಳಿಯುತ್ತಿಲ್ಲ, ಹೀಗೆ ಅನೇಕ ಗಂಡಸರಿಗಿರುತ್ತದೆ, ಹೆದರಬೇಡಿ ಎಂದರು ಡಾಕ್ಟರು.

ಹೆಂಡತಿ ಮರಳಿ ಬಂದಾಗ ಯಜಮಾನರು ತಪ್ಪೊಪ್ಪಿಗೆಯ ದನಿಯಲ್ಲಿ ಎಲ್ಲ ಹೇಳಿದರು. ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಚೀಲ ಕೆಳಗಿಟ್ಟು, ನೇರ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಪಾಚಿ ತೊಳೆಯತೊಡಗಿದರು. ದಿನಾ ಮಧ್ಯಾಹ್ನ ಗಂಡ ಊಟ ಮಾಡಿ ಗೊರಕೆ ಹೊಡೆಯುವಾಗ ಆಕೆ ಮಾಡುತ್ತಿದ್ದದ್ದೂ ಇದನ್ನೇ.

“ಇಷ್ಟು ವರ್ಷ ಗೊತ್ತಿದ್ದೂ ಯಾಕೆ ಹೇಳಲಿಲ್ಲ?” ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಮದುವೆಯಾದ ಹೊಸದರಲ್ಲಿ ನನ್ನ ಕಂದು ಸೀರೆ ನೋಡಿ, ಚಿಗುರಿನ ಹಾಗಿದ್ದೀಯ ಅಂದ್ರಿ. ಅಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ತಿದ್ದೋಕೆ ಮನಸ್ಸು ಬರಲಿಲ್ಲ.”

“ಊರಿನವರ ಫೋಟೋ ಎಲ್ಲ ತಿದ್ದಿದೆಯಲ್ಲ?”

“ಅದು ಅವರ ಮುಖ. ಅವರಿಗೆ ನಿಮ್ಮ ಕಣ್ಣು ಯಾಕೆ ಬೇಕು?”

ಯಜಮಾನರು ಆ ದಿನ ಯಾರಿಗೂ ಪ್ರವಚನ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಧೈರ್ಯ ತಂದುಕೊಂಡು ಹೆಂಡತಿಯ ಮುಂದೆ ನಿಂತು, ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಸೀರೆಯನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಇವತ್ತಿಂದು ಕೆಂಪು ತಾನೇ?”

“ಹೌದು ನೋಡಿ. ಈ ಸಲ ಸರಿಯಾಗಿ ಹೇಳಿದ್ರಿ.”

ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಮಗಳಿಗೆ ಅಮ್ಮನ ಸೀರೆ ನೋಡಿ ನೀರು ನೆತ್ತಿಗೇರಿತು. ಯಜಮಾನರು ಬಲು ಹೆಮ್ಮೆಯಿಂದ ಅವಳ ನೆತ್ತಿ ತಟ್ಟಿದರು.