ನಮ್ಮ ಮನೆಯಲ್ಲಿ ಲಿನಕ್ಸ್ ಪ್ರತಿಷ್ಠಾಪನೆ

ಕಂಪ್ಯೂಟರ್ ಎಂಬುದು ನನ್ನಂಥವನಿಗೆ ಕಷ್ಟದ ವಿದ್ಯೆಯಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಮನೆಯ ಫ್ಯೂಸ್ ಹೋದರೆ ನಾನೇ ಹಾಕುತ್ತೇನೆ. ಒಮ್ಮೆ ರೇಡಿಯೋ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಮೂರು ಸ್ಕ್ರೂ ಉಳಿತಾಯ ಕೂಡ ಮಾಡಿದ್ದೇನೆ! ಆ ರೇಡಿಯೋ ಆಮೇಲೆ ಹಾಡಲಿಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ಜಯ ಮದುವೆಗೆ ಮುಂಚೆ ನಾಗಮಂಗಲದಲ್ಲಿ ಟೈಪಿಂಗ್ ಕಲಿತು ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದವಳು. ಹೆಣ್ಣು ನೋಡಲು ಹೋದಾಗ "ಒಂದು ಟೈಪ್‌ರೈಟರ್ ಕೊಡಿಸ್ತೀನಿ" ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಮುಂದೆ ಅದನ್ನು ತರಲೆಂದು ಕೆ.ಆರ್. ಪೇಟೆಗೆ ಹೋದವನು, ಅಂದು ಸಂತೆ ಸೇರಿದ್ದರಿಂದ, ಹಸು ಹಿಡಿದುಕೊಂಡು ಬಂದೆ! ಅವಳೇ ನಮ್ಮ ಗೌರಿ. ಜಯ ಚೊಂಬು ಹಿಡಿದು ಹಾಲು ಕರೆಯಲು ಕೂತಳು. ಆದರೆ ಮೊರದಲ್ಲಿ ಅಕ್ಕಿ ಆರಿಸುವಾಗ ಅವಳ ಹತ್ತು ಬೆರಳೂ ಟೈಪ್ ಹೊಡೆದಂತೆ ಆಡುವುದನ್ನು ಕಂಡಾಗಲೆಲ್ಲ ನಾನು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ.

ಇನ್ನೊಂದು ವಿಷಯ. ನನ್ನ ಹೆಸರು ಚೆಲುವರಾಜು. ನನ್ನನ್ನು ನೋಡಿದವರು ಹೆಸರಿಟ್ಟವರನ್ನು ಬೈಯುತ್ತಾರೆ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂಬ ಹಳೆಯ ಪದ್ಧತಿ ಜಯಳದು. ಎಷ್ಟರಮಟ್ಟಿಗೆ ಎಂದರೆ, ಮೇಲುಕೋಟೆಯ ಚೆಲುವರಾಯಸ್ವಾಮಿಯನ್ನೂ ಅವಳು "ಬೆಟ್ಟದ ಮೇಲ್ನೋರು" ಎಂದೇ ಕರೆಯುವುದು. ದೇವರು ಇದುವರೆಗೆ ಬೇಸರ ಮಾಡಿಕೊಂಡಂತಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶ್ರೀರಂಗಪಟ್ಟಣದ ವಕೀಲರೊಬ್ಬರು ತಮ್ಮ ಟೈಪಿಸ್ಟನ್ನು ಬಿಡಿಸಿ, ಬೇರೆಯವರನ್ನು ಹುಡುಕುತ್ತಿದ್ದರು. ನಾನು ಹೋಗಿ ಜಯಳ ವಿಷಯ ಹೇಳಿದೆ. "ಮನೆಯಲ್ಲೇ ಕಂಪ್ಯೂಟರಿನಲ್ಲಿ ಹೊಡೆದು ಫ್ಲಾಪಿಗೆ ಹಾಕಿ ಕಳಿಸಿದರೆ ಸಾಕು. ಭಾನುವಾರ ಬಂದು ಮೆಷೀನು ನೋಡ್ತೀನಿ. ಸರಿ ಇದ್ದರೆ ಕೆಲಸ ನಿಮ್ಮ ಮನೆಯವರಿಗೆ. ಇಲ್ಲದಿದ್ದರೆ ಇಲ್ಲೇ ಇನ್ನೊಬ್ಬರಿದ್ದಾರೆ" ಎಂದರು. ಅಂದು ರಾತ್ರಿ ಜಯ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಮೈಸೂರಿಗೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಒಂದು ಲ್ಯಾಪ್‌ಟಾಪ್ ಹೊತ್ತು ತಂದೆ. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ಗೂಟಕ್ಕೆ ಕಟ್ಟಿದ ಗೌರಿಯ ಹಾಗೆ ಅದನ್ನು ಗೋಡೆಯ ಪ್ಲಗ್ಗಿಗೆ ಕಟ್ಟಿಯೇ ಇಡಬೇಕು. ಆದರೂ ನಡೆಯುತ್ತಿತ್ತು. ಆಗಾಗ ನಿಂತು ಯೋಚನೆ ಮಾಡುತ್ತಿತ್ತು, ಅಷ್ಟೆ. ಅದನ್ನು ಹಾಗೆಯೇ ಬಿಟ್ಟಿದ್ದರೆ ಇಷ್ಟೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಆದರೆ ನನ್ನ ಬಳಿ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ. ಇತ್ತು. ಅದರಲ್ಲಿ ಲಿನಕ್ಸ್ ಇತ್ತು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಹೊಸ ವ್ಯವಸ್ಥೆ. ಹಳೆಯದನ್ನು ತೆಗೆದು ಇದನ್ನು ಕೂರಿಸಿದರೆ ಮುದಿ ಯಂತ್ರವೂ ಚಿಗುರುತ್ತದೆ ಎಂದು ಪತ್ರಿಕೆಯಲ್ಲಿ ಬರೆದಿತ್ತು.

ಪಕ್ಕದ ಮನೆಯ ಬೋರಣ್ಣ ಬಂದು ನೋಡಿದ. ಬೋರಣ್ಣ ನನಗಿಂತ ಹಿರಿಯ. ಗದ್ದೆ, ಎಮ್ಮೆ, ಟೆಲಿಫೋನು ಮೂರೂ ಉಳ್ಳವನು.

"ನಡೀತಾ ಇರೋ ಎತ್ಗೆ ಯಾಕ್ಲಾ ಚೆಲುವ ಒಸ ಲಾಳ ಒಡೀತೀಯ?"

"ಇದು ವಿಜ್ಞಾನ, ಬೋರಣ್ಣ."

"ಅಂಗಾರೆ ಸರಿ ಬುಡು. ರೇಡಿಯೋನೂ ವಿಜ್ಞಾನ ಅಂತ್ಲೇ ಅಂದಿದ್ದೆ."

ಶುಕ್ರವಾರ ಶಾಲೆ ಬಿಟ್ಟ ಮೇಲೆ, ಜಯ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟ ಮೇಲೆ, ಪ್ರತಿಷ್ಠಾಪನಾ ಕಾರ್ಯ ವಿಧಿವತ್ತಾಗಿ ಆರಂಭವಾಯಿತು. ಡಿಸ್ಕನ್ನು ಎಷ್ಟು ಪಾಲು ಮಾಡಬೇಕು ಎಂದು ಯಂತ್ರ ಕೇಳಿತು. ಬೋರಣ್ಣನಿಗೆ ಇದೊಂದು ಚೆನ್ನಾಗಿ ಅರ್ಥವಾಯಿತು.

"ಪಾಲು ಅಂದ್ಮೇಲೆ ನಾಕ್ ಜನ ಕೂತು ಮಾತಾಡ್ಬೇಕು ಕಣ್ಲಾ. ಆತ್ರ ಬೀಳ್ಬ್ಯಾಡ."

ನಾನು ಆತುರ ಬಿದ್ದೆ. ಎಂಟರ್ ಒತ್ತಿದೆ. ಇಡೀ ಡಿಸ್ಕು ಲಿನಕ್ಸ್ ಪಾಲಾಯಿತು. ಹಳೆಯ ವ್ಯವಸ್ಥೆಗೆ ಒಂದು ಗುಂಟೆಯೂ ಉಳಿಯಲಿಲ್ಲ! ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಕೊನೆಗೆ ಯಂತ್ರ ಒಂದು ಪಾಸ್‌ವರ್ಡ್ ಇಡಿ ಎಂದಿತು. ನಾನು ಒತ್ತಿದೆ, ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ಎರಡು ಗುದ್ದಿದೆ. ಆಮೇಲೆ ಪತ್ರಿಕೆ ಓದಿದರೆ, ಗುಟ್ಟು ಕಾಯುವುದಕ್ಕೆಂದೇ ಅದು ಕಾಣಿಸುವುದಿಲ್ಲವಂತೆ. ಕಾಣದ ಪದವನ್ನು ತಪ್ಪಿಲ್ಲದೆ ಎರಡು ಬಾರಿ ಹೊಡೆಯುವುದು ನನ್ನ ಒಂಟಿ ಬೆರಳಿನಿಂದ ಆಗುವ ಕೆಲಸವಲ್ಲ. ಜಯಳನ್ನು ಕೂರಿಸಿದೆ.

"ನಿನಗೆ ಮಾತ್ರ ಗೊತ್ತಿರುವ ಒಂದು ಪದ ಹಾಕು," ಎಂದು ಅಪ್ಪಣೆ ಕೊಟ್ಟೆ. "ಯಾರಿಗೂ ಹೇಳಕೂಡದು. ನನಗೂ ಹೇಳಕೂಡದು!"

"ನಿಮ್ಗೂವಾ?"

"ನನಗೂ! ನಿಯಮ ಅಂದ್ರೆ ನಿಯಮ."

ಅವಳು ಒಂದು ಗಳಿಗೆ ಯೋಚಿಸಿದಳು. ಮುಖ ಆ ಕಡೆ ತಿರುಗಿಸಿ ನಕ್ಕಳು. ಟಪಟಪನೆ ಎರಡು ಸಲ ಹೊಡೆದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವಳು ತಂಗಿಯ ಮಗುವಿನ ನಾಮಕರಣಕ್ಕೆ ನಾಗಮಂಗಲದ ಬಸ್ಸು ಹತ್ತಿದಳು. "ನಾಳೆ ವಕೀಲ್ರು ಬರೋದ್ರೊಳ್ಗೆ ಬಂದ್ಬುಡ್ತೀನಿ" ಎಂದಿದ್ದಳು. ವಕೀಲರು ಅಂದೇ ಮಧ್ಯಾಹ್ನ ಬಂದುಬಿಟ್ಟರು!

"ಕೆ.ಆರ್. ಪೇಟೆಗೆ ಹೊರಟಿದ್ದೆ ಮೇಷ್ಟ್ರೇ. ನಾಳೆ ನನಗೆ ಬಿಡುವಿಲ್ಲ. ಈಗಲೇ ತೋರಿಸಿಬಿಡಿ."

"ಅದಕ್ಕೇನಂತೆ!" ಎಂದು ಯಂತ್ರ ಹಚ್ಚಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿದವು. ವಕೀಲರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಯಂತ್ರ ಪಾಸ್‌ವರ್ಡ್ ಕೇಳಿತು. ನನಗೆ ಗೊತ್ತಿರಲಿಲ್ಲ!

ಅವರ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಬೋರಣ್ಣನ ಮನೆಗೆ ಓಡಿದೆ. ನಾಗಮಂಗಲಕ್ಕೆ ಫೋನು ಹಚ್ಚಿದೆ. ಆ ಕಡೆ ನಾಮಕರಣದ ಹೆಂಗಸರ ಗದ್ದಲ. ಜಯ ಬಂದಳು.

"ಜಯ, ಪಾಸ್‌ವರ್ಡ್ ಏನು?"

ಸಣ್ಣ ದನಿಯಲ್ಲಿ, "ಇಲ್ಲಿ ಎಲ್ಲಾರೂ ಅವ್ರೆ ಕಣ್ರೀ."

"ಇದ್ರೆ ಇರ್ಲಿ! ವಕೀಲ್ರು ಬಂದ್ ಕೂತವ್ರೆ. ಬ್ಯಾಗ ಯೋಳು!"

"ನಾನೆಂಗೆ ಯೋಳ್ಲಿ? ಯೋಳೋ ಅಂಗಿಲ್ಲ."

"ಆ ನಿಯಮ ನಾನೇ ವಾಪಸ್ ತಕ್ಕೊಂಡಿವ್ನಿ!"

"ಆ ನಿಯಮ ಅಲ್ಲ... ನೀವೇ ತಿಳ್ಕಳಿ."

"ದೇವ್ರ ಎಸ್ರಾ?"

"ಅಂಗೂ ಅನ್ಬೋದು."

"ಮನೇಲಿರೋದಾ?"

"ಊಟದೊತ್ಗೆ ತಪ್ದೆ ಇರ್ತದೆ."

"ಗೌರಿನಾ?"

"ಗೌರಿ ಯೋಳಿದ್ ಮಾತ್ ಕೇಳ್ತಾಳೆ. ಇದು ಕೇಳಕ್ಕಿಲ್ಲ."

"ಬೆಕ್ಕಾ?"

ಆ ಕಡೆ ಹೆಂಗಸರು ಬಿದ್ದು ಬಿದ್ದು ನಕ್ಕರು. ಫೋನು ಇಟ್ಟೇಬಿಟ್ಟಳು.

ಮನೆಗೆ ಓಡಿ ಬಂದು ಬೆಕ್ಕು ಎಂದು ಹೊಡೆದೆ. ತಪ್ಪು ಎಂದಿತು. ದೇವರೆಂದರೂ ಆದೀತು ಎಂದಳಲ್ಲ ಎಂದು ನಂಜುಂಡ ಎಂದೆ. ತಪ್ಪು. ಊಟದ ಹೊತ್ತಿಗೆ ತಪ್ಪದೆ ಇರುವುದು, ಹೇಳಿದ ಮಾತು ಕೇಳದಿರುವುದು ಎಂದು ಕೂಲಂಕಷವಾಗಿ ವಿಚಾರ ಮಾಡಿ ನನ್ನ ತಾಯಿಯ ಹೆಸರನ್ನೂ ಹೊಡೆದೆ. ಅದೂ ತಪ್ಪು! ವಕೀಲರು ಮಜ್ಜಿಗೆ ಮುಗಿಸಿ ಗಡಿಯಾರ ನೋಡಿಕೊಂಡರು.

"ನಾನಿನ್ನು ಬರ್ತೀನಿ ಮೇಷ್ಟ್ರೇ. ಶ್ರೀರಂಗಪಟ್ಟಣದಲ್ಲಿ ಇನ್ನೊಬ್ಬರಿದ್ದಾರಲ್ಲ, ಅವರಿಗೇ..."

ನನ್ನ ಕಣ್ಣೆದುರು ಮೊರದ ಅಕ್ಕಿಯ ಮೇಲೆ ಆಡುವ ಆ ಹತ್ತು ಬೆರಳು ಬಂದವು. ಮೊದಲು ಹಸು ತಂದು ಕೆಡಿಸಿದೆ, ಈಗ ಲಿನಕ್ಸ್ ತಂದು ಕೆಡಿಸುತ್ತಿದ್ದೇನೆ! "ಐದೇ ನಿಮಿಷ ಸಾರ್" ಎಂದು ಕೈ ಮುಗಿದು ಮತ್ತೆ ಬೋರಣ್ಣನ ಫೋನಿಗೆ ಓಡಿದೆ.

"ಜಯ, ಕೆಲ್ಸ ಓಯ್ತದೆ ಕಣೆ. ನಿನ್ ಕೆಲ್ಸ. ನನ್ನಿಂದ್ಲೇ ಓಯ್ತದೆ."

ಆ ಕಡೆಯ ಗದ್ದಲ ನಿಂತಿತು. ಆಮೇಲೆ ಸೆರಗಿನ ಮರೆಯಿಂದ ಬಂದಂತೆ ಒಂದು ಪದ ಕೇಳಿತು.

"ಚೆಲುವರಾಜು."

"ಊಂ, ನಾನೇ ಕಣೆ! ಕೇಳಿಸ್ಕತಾ ಇವ್ನಿ! ಪಾಸ್‌ವರ್ಡ್ ಯೋಳು!"

ಆ ಕಡೆ ಹೆಂಗಸರೆಲ್ಲ ಹೋ ಎಂದು ಕೂಗಿದರು. ರಿಸೀವರಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದ ಬೋರಣ್ಣ ಹಣೆ ಹಣೆ ಚಚ್ಚಿಕೊಂಡ.

"ಲೇ, ಅದೇ ಕಣ್ಲಾ!"

"ಯಾವ್ದು?"

"ನೀನೇ ಕಣ್ಲಾ ಮುಂಡೇದೆ! ನಿನ್ನೆಸ್ರೇ!"

ನಾನು ರಿಸೀವರ್ ಹಿಡಿದು ಹಾಗೆಯೇ ನಿಂತೆ. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಒಮ್ಮೆಯೂ ಕೇಳದ ಹೆಸರು. ಹುಟ್ಟಿದಾಗಿನಿಂದ ನನ್ನದೇ ಆಗಿದ್ದರೂ ಅದು ಅಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಏನಾದರೂ ಒಂದು ಒಳ್ಳೆಯ ಮಾತು ಆಡಬೇಕೆನಿಸಿತು.

"ಇಂಗ್ಲಿಷಲ್ ತಾನೆ?" ಎಂದೆ.

"ಊಂ. ಓಗಿ ಬ್ಯಾಗ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಹೆಸರು ಹೊಡೆದೆ. ಯಂತ್ರ ಒಪ್ಪಿಕೊಂಡಿತು! ಕಪ್ಪು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುರುತು ಮಿಣುಕತೊಡಗಿತು. ವಕೀಲರು ಅದನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಇಷ್ಟೇನಾ?"

"ಸದ್ಯಕ್ಕೆ ಇಷ್ಟೇ ಸಾರ್."

ಮುಂದೆ ಏನು ಒತ್ತಬೇಕೆಂದು ನನಗೂ ತಿಳಿದಿರಲಿಲ್ಲ. ತೋರಿಸಲು ಬೇರೇನೂ ಇಲ್ಲದ್ದರಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಎದ್ದು ನಿಂತರು.

"ನನ್ನ ಹಳೇ ಟೈಪಿಸ್ಟನ್ನು ಯಾಕೆ ಬಿಡಿಸಿದೆ ಗೊತ್ತಾ? ಕಕ್ಷಿದಾರರ ಗುಟ್ಟನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಹಂಚ್ತಿದ್ದ. ಕಟ್ಟಿಕೊಂಡ ಗಂಡ ಕಾಡಿ ಬೇಡಿದರೂ ಬಾಯಿ ಬಿಡದವರು ನನಗೆ ಬೇಕು. ಕೆಲಸ ನಿಮ್ಮ ಮನೆಯವರಿಗೇ." ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. "ಒಂದು ಷರತ್ತು. ಮೆಷೀನಿನ ಹತ್ತಿರ ನೀವು ಹೋಗಬಾರದು."

ಭಾನುವಾರ ಜಯ ಬಂದಳು. ಅಷ್ಟರಲ್ಲಿ ಬೋರಣ್ಣನ ಕೃಪೆಯಿಂದ, ಹಾಲಿನ ಡೈರಿಯಿಂದ ರೈಲ್ವೆ ಸ್ಟೇಷನ್‌ವರೆಗೆ ನಮ್ಮ ಪಾಸ್‌ವರ್ಡ್ ತಿಳಿಯದವರು ಯಾರೂ ಉಳಿದಿರಲಿಲ್ಲ. ಅವಳು ಪತ್ರಿಕೆ ಓದಿಕೊಂಡು ತಾನೇ ಅದನ್ನು ಬದಲಾಯಿಸಿದಳು. ಲಿನಕ್ಸಿನಲ್ಲಿ ಟೈಪ್ ಮಾಡುವುದನ್ನೂ ತಾನೇ ಕಲಿತಳು. ಮಧ್ಯಾಹ್ನದ ಹೊತ್ತು ಆ ಟಪಟಪ ಸದ್ದು ಬೀದಿಗೆ ಕೇಳುವಾಗ ನನಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

"ಈ ಸಲ ಏನ್ ಇಟ್ಟಿದೀಯ?" ಎಂದು ಒಂದು ದಿನ ಕೇಳಿದೆ.

"ನಿಯಮ ಅಂದ್ರೆ ನಿಯಮ" ಎಂದಳು.

ಒಮ್ಮೆ ಅವಳು ಮನೆಯಲ್ಲಿಲ್ಲದಾಗ ಷರತ್ತು ಮುರಿದು ಯಂತ್ರದ ಮುಂದೆ ಕೂತೆ. ಬದಲಾಯಿಸಿದೆ ಎಂದು ಸುಮ್ಮನೆ ಹೇಳಿರಬಹುದು, ನನ್ನ ಹೆಸರೇ ಇರಬಹುದು ಎಂದು ಎದೆ ಉಬ್ಬಿಸಿ ಚೆಲುವರಾಜು ಎಂದು ಹೊಡೆದೆ. ತಪ್ಪು ಎಂದಿತು. ಸ್ವಲ್ಪ ಹೊತ್ತು ಕೂತಿದ್ದು, ಅಂದು ಫೋನಿನಲ್ಲಿ ಅವಳು ಅಂದದ್ದು ನೆನಪಾಗಿ, ಗೌರಿ ಎಂದು ಹೊಡೆದೆ.

ತೆರೆದುಕೊಂಡಿತು!

ಸದ್ದಿಲ್ಲದೆ ಮುಚ್ಚಿಟ್ಟು ಕೊಟ್ಟಿಗೆಗೆ ಹೋದೆ. ಗೌರಿಯ ಮುಂದೆ ಒಂದು ಹೊರೆ ಹಸಿಹುಲ್ಲು ಹಾಕಿ, ಹೇಳಿದ ಮಾತು ಕೇಳುವುದು ಹೇಗೆಂದು ಅವಳನ್ನೇ ನೋಡುತ್ತ ಕೂತೆ.